ಹತ್ತು ನಿಮಿಷದ ತೀರ್ಪು, ಎಪ್ಪತ್ತು ವರ್ಷದ ಬಾಕಿ

ಹತ್ತು ನಿಮಿಷದಲ್ಲಿ ಒಲೆಯ ಮೇಲಿಟ್ಟ ಅನ್ನ ಕೂಡ ಬೇಯುವುದಿಲ್ಲ. 1944ರ ಏಪ್ರಿಲ್ 24ರಂದು ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿಯಲ್ಲಿ ಜ್ಯೂರಿಯ 12 ಮಂದಿ ಒಂದು ಜೀವದ ಲೆಕ್ಕ ಚುಕ್ತಾ ಮಾಡಲು ತೆಗೆದುಕೊಂಡ ಸಮಯ ಅಷ್ಟೇ. ಹನ್ನೆರಡೂ ಮಂದಿ ಬಿಳಿಯ ಗಂಡಸರು. ಕಟಕಟೆಯಲ್ಲಿದ್ದವನು ಜಾರ್ಜ್ ಸ್ಟಿನ್ನಿ ಎಂಬ ಕಪ್ಪು ಹುಡುಗ. ವಯಸ್ಸು 14.

ಅವನ ಊರು ಅಲ್ಕೋಲು, ಮರ ಕೊಯ್ಯುವ ಮಿಲ್ಲಿನ ಸುತ್ತ ಬೆಳೆದ ಪುಟ್ಟ ಊರು. ರೈಲು ಹಳಿ ಅದನ್ನು ಎರಡಾಗಿ ಸೀಳಿತ್ತು: ಆ ಕಡೆ ಬಿಳಿಯರು, ಈ ಕಡೆ ಕಪ್ಪು ಜನ. ಶಾಲೆ ಬೇರೆ, ಚರ್ಚು ಬೇರೆ. ಕೌಂಟಿಯಲ್ಲಿ ಆಗ ಕಪ್ಪು ಜನರೇ ಹೆಚ್ಚು. ಆದರೆ ಜ್ಯೂರಿಯಲ್ಲಿ ಅವರ ಪಾಲು ಸೊನ್ನೆ.

ಆ ವರ್ಷ ಮಾರ್ಚ್ 23ರಂದು 11 ಮತ್ತು 7 ವರ್ಷದ ಇಬ್ಬರು ಬಿಳಿಯ ಹುಡುಗಿಯರು ಸೈಕಲ್ ಹಿಡಿದು ಕಾಡುಹೂ ಹುಡುಕುತ್ತಾ ಈ ಕಡೆಗೆ ಬಂದರು. ಹಸು ಮೇಯಿಸುತ್ತಿದ್ದ ಜಾರ್ಜ್‌ನನ್ನೂ ಅವನ ತಂಗಿಯನ್ನೂ ಕಂಡು, ಆ ಹೂ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇವರಿಗೆ ಗೊತ್ತಿರಲಿಲ್ಲ, ಹುಡುಗಿಯರು ಮುಂದೆ ಹೋದರು. ತಂಗಿ ಕಡೆಯವರೆಗೂ ಹೇಳಿದ್ದು ಇಷ್ಟೇ. ರಾತ್ರಿ ಹುಡುಗಿಯರನ್ನು ಹುಡುಕಲು ಹೊರಟವರಲ್ಲಿ ಜಾರ್ಜ್‌ನ ತಂದೆಯೂ ಇದ್ದರು. ಬೆಳಗ್ಗೆ ನೀರು ನಿಂತ ಹಳ್ಳವೊಂದರಲ್ಲಿ ಇಬ್ಬರ ಶವ ಸಿಕ್ಕಿತು. ಅವರೊಡನೆ ಮಾತಾಡಿದವನೆಂದು ಜಾರ್ಜ್‌ನನ್ನು ಪೊಲೀಸರು ಹಿಡಿದೊಯ್ದರು.

ಇಲ್ಲಿಂದ ಮುಂದಿನದು ಬರೀ ಅಂಕಿಗಳೇ ಹೇಳುವ ಕತೆ. ಬಂಧನದಿಂದ ಮರಣದಂಡನೆಗೆ 84 ದಿನ. ಜ್ಯೂರಿಯ ಆಯ್ಕೆ, ಸಾಕ್ಷಿ, ತೀರ್ಪು, ಶಿಕ್ಷೆ ಎಲ್ಲ ಒಂದೇ ದಿನ; ವಿಚಾರಣೆಗೆ ಮೂರು ಗಂಟೆಯೂ ಹಿಡಿಯಲಿಲ್ಲ. ಕೋರ್ಟಿನ ಒಳಗೂ ಹೊರಗೂ ಸಾವಿರಕ್ಕೂ ಹೆಚ್ಚು ಬಿಳಿಯರು ನೆರೆದಿದ್ದರು. ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಹುಡುಗ ತಪ್ಪೊಪ್ಪಿಕೊಂಡ ಎಂದು ಪೊಲೀಸರು ಹೇಳಿದರು, ಅವನ ಸಹಿ ಇರುವ ಕಾಗದ ಒಂದೂ ಇಲ್ಲ. ಸರ್ಕಾರ ಕೊಟ್ಟ ವಕೀಲರು ಸಲ್ಲಿಸಿದ ಮೇಲ್ಮನವಿ: ಸೊನ್ನೆ.

ಜೂನ್ 16ರಂದು ಅದೇ ರಾಜ್ಯದ ಕೊಲಂಬಿಯಾ ನಗರದ ಜೈಲಿನಲ್ಲಿ ಅವನನ್ನು ವಿದ್ಯುತ್ ಕುರ್ಚಿಗೆ ಕಟ್ಟಿದರು. ಅಂದಿಗೆ ಅವನಿಗೆ 14 ವರ್ಷ, 7 ತಿಂಗಳು, 26 ದಿನ. ಎತ್ತರ ಐದು ಅಡಿ ಒಂದು ಇಂಚು, ತೂಕ ಸುಮಾರು 43 ಕೆ.ಜಿ. ನಮ್ಮಲ್ಲಿ ಮಾರುವ ಸಿಮೆಂಟ್ ಮೂಟೆ 50 ಕೆ.ಜಿ. ತೂಗುತ್ತದೆ. ದೊಡ್ಡವರ ಮೈಗೆಂದು ಮಾಡಿದ ಕುರ್ಚಿ ಅದು. ಕೈಯಲ್ಲಿ ಹಿಡಿದು ತಂದಿದ್ದ ಬೈಬಲ್ಲನ್ನೇ ಅವನ ಕೆಳಗಿಟ್ಟು ಕೂರಿಸಿದರು, ವಿದ್ಯುತ್ ಹರಿದಾಗ ಅಳತೆಗೆ ದೊಡ್ಡದಾಗಿದ್ದ ಮುಖವಾಡ ಕಳಚಿ ಬಿತ್ತು ಎನ್ನುತ್ತವೆ ಕೆಲವು ವಿವರಗಳು. 20ನೇ ಶತಮಾನದ ಅಮೆರಿಕದಲ್ಲಿ ಮರಣದಂಡನೆಗೆ ಗುರಿಯಾದ, ಹುಟ್ಟಿದ ದಿನ ಖಚಿತವಾಗಿ ಗೊತ್ತಿರುವವರಲ್ಲಿ ಅವನಷ್ಟು ಚಿಕ್ಕವರು ಮತ್ತೊಬ್ಬರಿಲ್ಲ. ಅವನ ತಂದೆಯ ಮಿಲ್ಲಿನ ಕೆಲಸ, ಮಿಲ್ಲಿನವರು ಕೊಟ್ಟಿದ್ದ ಮನೆ, ಎರಡೂ ಬಂಧನದ ಬೆನ್ನಿಗೇ ಹೋಗಿದ್ದವು. ಮನೆಯವರೆಲ್ಲ ಊರು ಬಿಟ್ಟಿದ್ದರು.

ಈ ಕಡತವನ್ನು ಮತ್ತೆ ತೆರೆಸಲು ಪಟ್ಟು ಹಿಡಿದವರು ಅಲ್ಕೋಲುವಿನಲ್ಲೇ ಬೆಳೆದ ಇತಿಹಾಸಾಸಕ್ತ ಜಾರ್ಜ್ ಫ್ರಿಯರ್ಸನ್. ವಕೀಲರು ಬಲು ಅಪರೂಪಕ್ಕೆ ಬಳಕೆಯಾಗುವ ಹಳೆಯ ರಿಟ್ ಒಂದರ ಮೊರೆಹೋದರು. ಹಿಂದಿನ ವಿಚಾರಣೆಯ ನಡಾವಳಿ ಎಲ್ಲೂ ಉಳಿದಿರಲಿಲ್ಲ. ಉಳಿದದ್ದು ಒಡಹುಟ್ಟಿದವರ ನೆನಪು. 2014ರ ಜನವರಿಯಲ್ಲಿ ನ್ಯಾಯಾಲಯ ಎರಡು ದಿನ ಕೂತು ಕೇಳಿತು. ಬದುಕಿದ್ದಾಗ ಅವನಿಗೆ ಸಿಕ್ಕಿದ್ದು ಮೂರು ಗಂಟೆಗೂ ಕಡಿಮೆ. ಸತ್ತ ಮೇಲೆ ಎರಡು ದಿನ! ಡಿಸೆಂಬರ್ 17ರಂದು ನ್ಯಾಯಾಧೀಶೆ ಕಾರ್ಮೆನ್ ಮಲೆನ್ ಶಿಕ್ಷೆಯ ತೀರ್ಪನ್ನು ರದ್ದುಮಾಡಿದರು. 1944ರ ಆ ವಿಚಾರಣೆಯಲ್ಲಿ ಹುಡುಗನ ಸಾಂವಿಧಾನಿಕ ಹಕ್ಕುಗಳ ರಕ್ಷಣೆಯೇ ಆಗಿರಲಿಲ್ಲ ಎಂದರು. ಅಂದಿನಿಂದ ಕಾನೂನಿನ ಕಣ್ಣಲ್ಲಿ ಜಾರ್ಜ್ ಸ್ಟಿನ್ನಿ ಅಪರಾಧಿಯಲ್ಲ.

ಆ ತೀರ್ಪಿನಿಂದ ಈ ತೀರ್ಪಿಗೆ 25,804 ದಿನ. ಒಂದು ದಿನಕ್ಕೆ 144ರಂತೆ ಹತ್ತು ಹತ್ತು ನಿಮಿಷಗಳನ್ನು ಎಣಿಸಿದರೆ 37,15,776. ಒಂದು ಹತ್ತು ನಿಮಿಷ ಮಾಡಿದ ತಪ್ಪನ್ನು ಅಳಿಸಲು 37 ಲಕ್ಷಕ್ಕೂ ಹೆಚ್ಚು ಹತ್ತು ನಿಮಿಷಗಳು ಬೇಕಾದವು.

ಇದು ಒಬ್ಬನ ಲೆಕ್ಕ. ಅಲಬಾಮಾದಲ್ಲಿ 1931ರಲ್ಲಿ ಅತ್ಯಾಚಾರದ ಸುಳ್ಳು ಆರೋಪಕ್ಕೆ ಸಿಕ್ಕಿದ ಸ್ಕಾಟ್ಸ್‌ಬರೋದ 9 ಕಪ್ಪು ಹುಡುಗರಲ್ಲಿ ಕೊನೆಯ ಮೂವರ ಹೆಸರಿನ ಕಳಂಕ ತೊಳೆದದ್ದು 2013ರಲ್ಲಿ, 82 ವರ್ಷಕ್ಕೆ. ಆ ಹೊತ್ತಿಗೆ ಒಂಬತ್ತು ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನ 7 ಕಪ್ಪು ಗಂಡಸರನ್ನು ಅತ್ಯಾಚಾರದ ಆರೋಪದ ಮೇಲೆ 1951ರಲ್ಲಿ ಕೊಂದ ಸರ್ಕಾರ ಅವರಿಗೆ ಕ್ಷಮಾದಾನ ಬರೆದದ್ದು 2021ರಲ್ಲಿ, 70 ವರ್ಷಕ್ಕೆ. ಆ ರಾಜ್ಯದಲ್ಲಿ 1908ರಿಂದ 1951ರವರೆಗೆ ಅತ್ಯಾಚಾರದ ಆರೋಪಕ್ಕೆ ಜೀವ ತೆತ್ತ 45 ಮಂದಿಯೂ ಕಪ್ಪು ಜನ. ಇಡೀ ಅಮೆರಿಕದಲ್ಲಿ 1930ರ ನಂತರ ಅದೇ ಆರೋಪದ ಮೇಲೆ 455 ಮಂದಿಯನ್ನು ಕೊಂದರು. ಅವರಲ್ಲಿ 405 ಮಂದಿ ಕಪ್ಪು ಜನ, ಹತ್ತರಲ್ಲಿ ಸುಮಾರು ಒಂಬತ್ತು. ಇವರಲ್ಲಿ ಎಷ್ಟು ಮಂದಿಯ ಪರವಾಗಿ ಎಪ್ಪತ್ತು ವರ್ಷ ನೆನಪಿಟ್ಟುಕೊಂಡು ಕಾದ ತಂಗಿ ಇದ್ದಾಳು?

ಘೋರ ಅಪರಾಧ ನಡೆದಾಗ "ವಿಚಾರಣೆ ಯಾಕೆ, ಇವತ್ತೇ ನೇಣಿಗೆ ಹಾಕಿ" ಎಂಬ ಕೂಗು ಏಳುವುದು ಎಲ್ಲ ಊರಿನಲ್ಲೂ ಉಂಟು. ಸತ್ತ ಮಕ್ಕಳ ಮೇಲಿನ ಮರುಕದಿಂದಲೇ ಆ ಕೂಗು ಹುಟ್ಟುತ್ತದೆ ಎಂಬುದೂ ನಿಜ. ಆದರೆ ತಪ್ಪು ವ್ಯಕ್ತಿಯನ್ನು ಕೊಂದರೆ ಆ ಮಕ್ಕಳಿಗೂ ನ್ಯಾಯ ತಪ್ಪುತ್ತದೆ. ಆ ಕೂಗಿಗೆ ದನಿ ಸೇರಿಸುವ ಮುನ್ನ ಒಂದೇ ಒಂದು ಮಾತು ಕೇಳಿಕೊಳ್ಳಿ: ಆರೋಪಿಯ ಪರವಾಗಿ ಯಾರಾದರೂ ಮಾತಾಡಿದರೇ? ಜಾರ್ಜ್ ಸ್ಟಿನ್ನಿಯ ಪರವಾಗಿ ಕೋರ್ಟಿನಲ್ಲಿ ಮಾತಾಡಲು ಅವನ ತಂಗಿಗೆ ಅವಕಾಶ ಸಿಕ್ಕಿದ್ದು ಎಪ್ಪತ್ತನೆಯ ವರ್ಷದಲ್ಲಿ.