ರಾಜ್ಯಶಾಸ್ತ್ರದ ವಿದ್ಯಾರ್ಥಿಗಳೂ ಮೂಲಗ್ರಂಥಗಳೂ

ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ವ್ಯಾಸಂಗಮಾಡುತ್ತಿರುವ ತರುಣನೊಬ್ಬನು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ಮಾತಿನ ನಡುವೆ ಆಂಗ್ಲ ತತ್ತ್ವಜ್ಞಾನಿಯಾದ ಜಾನ್ ಸ್ಟುವರ್ಟ್ ಮಿಲ್ಲನ ಪ್ರಸ್ತಾಪವು ಬಂದಿತು. ಮಿಲ್ಲನು ವ್ಯಕ್ತಿಸ್ವಾತಂತ್ರ್ಯದ ಮಹಾಪ್ರತಿಪಾದಕನೆಂದು ಆತನು ಒಂದೇ ಉಸಿರಿನಲ್ಲಿ ಒಪ್ಪಿಸಿದನು. ನಮ್ಮ ದೇಶದ ವಿಷಯದಲ್ಲಿ ಮಿಲ್ಲನ ಅಭಿಪ್ರಾಯವೇನೆಂದು ನಾವು ಕೇಳಲು, ಅದು ತನ್ನ ಗೈಡಿನಲ್ಲಿ ಇಲ್ಲವೆಂದನು. ಆ ಗೈಡನ್ನು ತಿರುವಿ ನೋಡಿದೆವು. ಪ್ಲೇಟೋ ಮೊದಲಾಗಿ ಮಾರ್ಕ್ಸನವರೆಗೆ ಸಕಲರಿಗೂ ತಲಾ ನಾಲ್ಕು ಪುಟಗಳು. ಕೊನೆಯಲ್ಲಿ ಗುಣದೋಷಗಳ ಪಟ್ಟಿ. ಹುಡುಗನನ್ನು ದೂಷಿಸಿ ಫಲವಿಲ್ಲ. ಪ್ರಶ್ನಪತ್ರಿಕೆಯು ಕೇಳುವುದೂ ಅಷ್ಟನ್ನೇ.

ಈ ಸ್ವಾತಂತ್ರ್ಯಪ್ರಿಯನು 1823 ರಿಂದ 1858 ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ನೌಕರನಾಗಿದ್ದನು; ಇಂಡಿಯಾಕ್ಕೆ ಕಳುಹತಕ್ಕ ಪತ್ರಗಳ ಕರಡನ್ನು ಸಿದ್ಧಪಡಿಸುವುದು ಅವನ ಉದ್ಯೋಗ. ಈ ನೆಲವನ್ನು ಒಮ್ಮೆಯೂ ಮೆಟ್ಟಿದವನಲ್ಲ. 1859 ರಲ್ಲಿ ಅಚ್ಚಾದ ‘ಆನ್ ಲಿಬರ್ಟಿ’ಯ ಆರಂಭದಲ್ಲಿಯೇ, ತನ್ನ ಸಿದ್ಧಾಂತವು ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಬರೆದನು. ಪ್ರಾತಿನಿಧಿಕ ಸರ್ಕಾರವನ್ನು ಕುರಿತ 1861 ರ ಗ್ರಂಥದಲ್ಲಿ, ಇಂಡಿಯಾವು ಅಂಥ ಸರ್ಕಾರಕ್ಕೆ ಇನ್ನೂ ಅರ್ಹವಲ್ಲವೆಂದನು. ಓದು, ಬರಹ, ಸಾಮಾನ್ಯ ಲೆಕ್ಕ ಬಾರದವನಿಗೆ ಮತವು ಸಲ್ಲದೆಂದೂ ವಿಧಿಸಿದನು. ಅದೇ ಗ್ರಂಥದಲ್ಲಿ ಸ್ತ್ರೀಯರಿಗೆ ಮತವಿರಬೇಕೆಂದು ವಾದಿಸಿದವನೂ ಅವನೇ. ಇಂಥ ಮನುಷ್ಯನು ನಾಲ್ಕು ಪುಟಗಳಲ್ಲಿ ಹಿಡಿಯುವನೇ?

ನಾವು ಮೆಟ್ರಿಕ್ಯುಲೇಷನ್ನಿಗೆ ಓದು ನಿಲ್ಲಿಸಿದವರು. ಆದರೆ ಅದಕ್ಕೂ ಮುನ್ನ ಕಲಿತ ಪಾಠಶಾಲೆಯಲ್ಲಿ ಪಂಡಿತರು ಮೂಲವನ್ನು ಹೇಳಿಸದೆ ವ್ಯಾಖ್ಯಾನಕ್ಕೆ ಕೈ ಹಾಕುತ್ತಿರಲಿಲ್ಲ. ಪೂರ್ವಪಕ್ಷವನ್ನು ಪ್ರತಿವಾದಿಯೇ ಮೆಚ್ಚುವಷ್ಟು ಬಲವಾಗಿ ಹೇಳಿದ ಹೊರತು ಸಿದ್ಧಾಂತಕ್ಕೆ ಬರಗೊಡುತ್ತಿರಲಿಲ್ಲ. ಮಿಲ್ಲನು ನಮಗೆ ಒದಗಿರುವ ಪೂರ್ವಪಕ್ಷ.

ಉತ್ತರವೂ ಈ ನೆಲದಲ್ಲಿಯೇ ಇದೆ. ಆ ಗ್ರಂಥವು ಹೊರಟ ಇಪ್ಪತ್ತು ವರ್ಷಗಳಿಗೆ, 1881 ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಕೂಡಿತು. ಅಧಿಕಾರವಿಲ್ಲದೆ ಅಹವಾಲು ಹೇಳಿಕೊಳ್ಳುವ ಸಭೆ, ನಿಜ. ಮುಂದೆ 1951–52 ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಹದಿನೇಳು ಕೋಟಿಗೂ ಮಿಕ್ಕಿ ಜನರಿದ್ದರು. 1951 ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಾತ್ರ. ಅಕ್ಷರವರಿಯದವರು ಪೆಟ್ಟಿಗೆಗೆ ಅಂಟಿಸಿದ ಚಿಹ್ನೆಯನ್ನು ನೋಡಿ ಮತ ಹಾಕಿದರು. ಮಿಲ್ಲನ ನಿಯಮದಂತೆ ನಡೆದಿದ್ದರೆ ಇವರೆಲ್ಲರೂ ಬಾಗಿಲ ಹೊರಗೆ ನಿಲ್ಲಬೇಕಾಗಿತ್ತು.

ಆದರೂ ಮಿಲ್ಲನು ಪೂರ್ತಿ ಸೋತನೆಂದು ಹೇಳಲಾರೆವು. ಎಲ್ಲರಿಗೂ ವಿದ್ಯೆ ಮೊದಲು, ಎಲ್ಲರಿಗೂ ಮತ ಆಮೇಲೆ ಎಂಬುದು ಅವನ ಕ್ರಮ. ಆ ವಿದ್ಯೆಯನ್ನು ಒದಗಿಸುವುದು ಸಮಾಜದ ಹೊಣೆಯೆಂದೂ ಹೇಳಿದ್ದನು. ನಾವು ಕ್ರಮವನ್ನು ತಿರುಗಿಸಿ ಮತವನ್ನು ಮೊದಲು ಕೊಟ್ಟೆವು. ಹತ್ತು ವರ್ಷದೊಳಗೆ ಮಕ್ಕಳೆಲ್ಲರಿಗೂ ಶಿಕ್ಷಣವನ್ನು ಒದಗಿಸಲು ಯತ್ನಿಸತಕ್ಕುದೆಂದು 1950 ರಲ್ಲಿ ಜಾರಿಗೆ ಬಂದ ಸಂವಿಧಾನವು ಹೇಳಿತು; ಶಿಕ್ಷಣದ ಹಕ್ಕಿನ ಕಾಯಿದೆಯು ಜಾರಿಗೆ ಬಂದದ್ದು 2010 ರಲ್ಲಿ. ಅರುವತ್ತು ವರ್ಷ! ಕ್ರಮವನ್ನು ತಿರುಗಿಸಿದ್ದು ನಮ್ಮ ಅಭಿಪ್ರಾಯದಲ್ಲಿ ಸರಿಯೇ. ಮತವಿಲ್ಲದವನ ಮಕ್ಕಳಿಗೆ ಶಾಲೆ ಕಟ್ಟಿಸಲು ಯಾವ ಸರ್ಕಾರವೂ ಅವಸರಪಡುವುದಿಲ್ಲ. ಮತವಿದ್ದೂ ಇಷ್ಟು ಕಾಲ ಏಕಾಯಿತೆಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯಲ್ಲದೆ ಮತ್ತಾರು ವಿಚಾರಿಸಬೇಕು?

ಪಠ್ಯಸಮಿತಿಯವರು ವರ್ಷಕ್ಕೆ ಒಂದಾದರೂ ಮೂಲಗ್ರಂಥವನ್ನು ನಿಗದಿಮಾಡಿ, ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗಾಗಿ ಅದರ ಭಾಷಾಂತರವನ್ನು ಅಗ್ಗದ ಬೆಲೆಗೆ ಅಚ್ಚುಹಾಕಿಸಬೇಕೆಂದು ಬಿನ್ನವಿಸುವೆವು. ಆ ತರುಣನು ನಮ್ಮ ಬೀರುವಿನಲ್ಲಿದ್ದ ಮಿಲ್ಲನ ಗ್ರಂಥವನ್ನು ಎರವಲು ಒಯ್ದಿದ್ದಾನೆ. ಇದು ಪರೀಕ್ಷೆಗೆ ಬರುವುದೇ ಎಂದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದನು.