ಧೂಳಿನಲ್ಲಿ ಮೀಯುವ ಚಿಂಚಿಲ್ಲಾ

ಹಿತ್ತಿಲಿನ ಬೂದಿಗುಂಡಿಯಲ್ಲಿ ಕೋಳಿ ಹೊರಳಾಡುವುದನ್ನು, ಅಂಗಳದ ಮಣ್ಣಿನಲ್ಲಿ ಗುಬ್ಬಚ್ಚಿ ರೆಕ್ಕೆ ಬಡಿದು ಧೂಳೆಬ್ಬಿಸುವುದನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮೈ ಶುಚಿ ಮಾಡಿಕೊಳ್ಳಲು ಎಲ್ಲ ಜೀವಿಗಳಿಗೂ ನೀರೇ ಬೇಕೆಂದಿಲ್ಲ. ಈ ವಿದ್ಯೆಯಲ್ಲಿ ಪಳಗಿದ ಪುಟ್ಟ ಪ್ರಾಣಿಯೊಂದು ದಕ್ಷಿಣ ಅಮೆರಿಕದಲ್ಲಿದೆ. ಅದರ ಹೆಸರು ಚಿಂಚಿಲ್ಲಾ. ಇದಕ್ಕೆ ನೀರಿನ ಸ್ನಾನ ಮಾಡಿಸಿದರೆ ಕಾಯಿಲೆ ಖಚಿತ. ಧೂಳಿನ ಸ್ನಾನ ತಪ್ಪಿಸಿದರೂ ತೊಂದರೆ ತಪ್ಪದು!

ಮೊಲದ ಮರಿಯಷ್ಟು ಗಾತ್ರ, ದುಂಡನೆಯ ದೊಡ್ಡ ಕಿವಿ, ಕಪ್ಪು ಮಣಿಯಂಥ ಕಣ್ಣು, ಅಳಿಲನ್ನು ನೆನಪಿಸುವ ಬಾಲ, ಬೂದು ಬಣ್ಣದ ರೇಷ್ಮೆಯಂಥ ತುಪ್ಪಳ. ಅಮೆರಿಕ, ಯುರೋಪಿನ ಅನೇಕ ಮನೆಗಳಲ್ಲಿ ಇದು ಮಕ್ಕಳ ಮುದ್ದಿನ ಪ್ರಾಣಿ. ವಿಡಿಯೋಗಳಲ್ಲಿ ಇದರ ಧೂಳಿನಾಟ ನೋಡಿ ‘ನಮಗೂ ಒಂದು ಬೇಕು’ ಎಂದು ಹಟ ಹಿಡಿಯುವ ಮಕ್ಕಳು ಇಲ್ಲಿಯೂ ಇದ್ದಾರೆ. ಕೊಡಿಸಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ಮಕ್ಕಳೂ ಪೋಷಕರೂ ಕೂಡಿ ತಿಳಿಯಬೇಕಾದದ್ದು ಆ ತುಪ್ಪಳದ ಕಥೆಯನ್ನು. ಏಕೆಂದರೆ ಚಿಂಚಿಲ್ಲಾದ ಆರೋಗ್ಯವೂ ಅದರ ಸಂಕಟವೂ ಆ ತುಪ್ಪಳದಲ್ಲೇ ಇವೆ.

ಒಂದು ರಂಧ್ರ, ಐವತ್ತು ಕೂದಲು

ಮನುಷ್ಯನ ತಲೆಯಲ್ಲಿ ಚರ್ಮದ ಒಂದು ರಂಧ್ರದಿಂದ ಸಾಮಾನ್ಯವಾಗಿ ಒಂದರಿಂದ ಮೂರು ಕೂದಲು ಹುಟ್ಟುತ್ತವೆ. ಚಿಂಚಿಲ್ಲಾದ ಮೈಯಲ್ಲಾದರೋ ಒಂದೇ ರಂಧ್ರದಿಂದ ಐವತ್ತಕ್ಕೂ ಹೆಚ್ಚು ಎಳೆಗಳು ಗೊಂಚಲಾಗಿ ಹೊರಬರುತ್ತವೆ. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಇಷ್ಟು ದಟ್ಟವಾದ ತುಪ್ಪಳ ಬೇರೊಂದಿಲ್ಲ ಎನ್ನುತ್ತಾರೆ.

ಇಂಥ ಕಂಬಳಿ ಏಕೆ ಬೇಕಾಯಿತು? ಇದರ ತವರು ಆಂಡಿಸ್ ಪರ್ವತ ಮತ್ತು ಅದರ ತಪ್ಪಲಿನ ಬೋಳು ಬೆಟ್ಟಗಳು. ಅಲ್ಲಿ ಮಳೆ ಅಪರೂಪ, ಗಾಳಿ ಒಣ, ರಾತ್ರಿ ಕೊರೆಯುವ ಚಳಿ. ಹಗಲೆಲ್ಲ ಬಂಡೆಗಳ ಸಂದಿಯಲ್ಲಿ ಅಡಗಿದ್ದು, ಮುಸ್ಸಂಜೆಯ ಬಳಿಕ ಮೇವಿಗೆ ಹೊರಡುವ ಪ್ರಾಣಿಗೆ ಈ ದಟ್ಟ ಹೊದಿಕೆಯೇ ರಕ್ಷೆ. ಚರ್ಮದಿಂದ ಒಸರುವ ಎಣ್ಣೆ ಕೂದಲಿಗೆ ಅಂಟಿ ಜಿಡ್ಡಾಗದಂತೆ, ತೇವ ನಿಲ್ಲದಂತೆ ನೋಡಿಕೊಳ್ಳಲು ಅದು ಜ್ವಾಲಾಮುಖಿಯ ನುಣ್ಣನೆಯ ಬೂದಿಯಲ್ಲಿ ಹೊರಳುತ್ತದೆ. ಬೂದಿಯ ಕಣಗಳು ಕೂದಲಿನ ಬುಡದವರೆಗೆ ಇಳಿದು ಎಣ್ಣೆಯನ್ನೂ ತೇವವನ್ನೂ ಹೀರಿಕೊಳ್ಳುತ್ತವೆ. ಎದ್ದು ಮೈ ಕೊಡವಿದರೆ ಧೂಳಿನ ಜೊತೆ ಕೊಳೆಯೂ ಹೊರಟುಹೋಗುತ್ತದೆ.

ನೀರು ಏಕೆ ಬೇಡ?

ಇಷ್ಟು ದಟ್ಟವಾದ ತುಪ್ಪಳಕ್ಕೆ ನೀರು ಇಳಿದರೆ ಬೇಗ ಆರುವುದಿಲ್ಲ. ಮೇಲ್ಭಾಗ ಒಣಗಿದಂತೆ ಕಂಡರೂ ಬುಡ ಹಸಿಯಾಗಿಯೇ ಇರುತ್ತದೆ. ಪ್ರಾಣಿಗೆ ಶೀತ ಹಿಡಿಯುತ್ತದೆ, ಕೂದಲು ಗಂಟುಗಟ್ಟುತ್ತದೆ, ಚರ್ಮಕ್ಕೆ ಶಿಲೀಂಧ್ರ ಹತ್ತುತ್ತದೆ. ಮನುಷ್ಯರಲ್ಲಿ ಹುಳುಕಡ್ಡಿ ಎನ್ನುವ ಕಾಯಿಲೆಯ ಜಾತಿಯದೇ ಈ ಸೋಂಕು. ಪ್ರಾಣಿಯಿಂದ ಅದನ್ನು ಎತ್ತಿ ಆಡಿಸುವ ಮಗುವಿಗೂ ಅಂಟಬಲ್ಲದು. ಆದ್ದರಿಂದ ಶಾಂಪೂ, ಸೋಪು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು ಯಾವುದೂ ಸಲ್ಲದು.

ಅಕಸ್ಮಾತ್ ನೀರು ಚೆಲ್ಲಿ ಮೈ ನೆನೆದರೆ ಒಣ ಟವೆಲಿನಿಂದ ಮೆಲ್ಲಗೆ ಒತ್ತಿ ನೀರು ತೆಗೆಯಬೇಕು. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ ಮಾತ್ರ, ಅದೂ ದೂರದಿಂದ. ಬಿಸಿಗಾಳಿ ಬಿಟ್ಟರೆ ಚಳಿಯಿಂದ ಉಳಿಸಲು ಹೋಗಿ ಸೆಕೆಯಿಂದ ಕೊಂದಂತಾದೀತು.

ಧೂಳಿನ ಸ್ನಾನದ ಕ್ರಮ

ಸಾಕಿದ ಚಿಂಚಿಲ್ಲಾಕ್ಕೆಂದೇ ತಯಾರಿಸಿದ ನುಣ್ಣನೆಯ ಖನಿಜದ ಪುಡಿ ಪೇಟೆಯಲ್ಲಿ ಸಿಗುತ್ತದೆ. ಅದರ ಬದಲಿಗೆ ಮನೆಯಲ್ಲಿರುವುದನ್ನು ಬಳಸೋಣವೆಂದರೆ ಆಗದು. ಮನೆ ಕಟ್ಟುವ ಮರಳು ಒರಟು, ಕೂದಲನ್ನು ತುಂಡರಿಸುತ್ತದೆ. ಟಾಲ್ಕಂ ಪೌಡರ್ ಶ್ವಾಸಕೋಶಕ್ಕೆ ಕೆಡುಕು. ಒಲೆಯ ಬೂದಿಯಲ್ಲಿ ಕ್ಷಾರವಿರುವುದರಿಂದ ಚರ್ಮ, ಕಣ್ಣು ಉರಿಯುತ್ತವೆ. ಆಂಡಿಸ್‌ನ ಬೂದಿ ಜ್ವಾಲಾಮುಖಿಯ ಕಲ್ಲಿನ ಪುಡಿ. ಸೌದೆ ಸುಟ್ಟ ಬೂದಿ ಅದಲ್ಲ ಎಂಬುದನ್ನು ಮರೆಯಬಾರದು.

ಸುಲಭವಾಗಿ ಉರುಳದ, ಪ್ರಾಣಿ ಒಳಹೊಕ್ಕು ಹೊರಳಲು ಸಾಕಾಗುವ ಪಾತ್ರೆಯಲ್ಲಿ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಪುಡಿ ತುಂಬಿ ಸಂಜೆಯ ಹೊತ್ತು ಗೂಡಿನಲ್ಲಿಡಬೇಕು. ಹತ್ತು ಹದಿನೈದು ನಿಮಿಷ ಸಾಕು. ವಾರಕ್ಕೆ ಎರಡು ಮೂರು ಬಾರಿ ಇದು ನಡೆಯಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಒಂದೆರಡು ಬಾರಿ ಹೆಚ್ಚಿದ್ದರೂ ಸರಿಯೇ. ಆಟ ಮುಗಿದ ಕೂಡಲೇ ಪಾತ್ರೆಯನ್ನು ಹೊರತೆಗೆಯಬೇಕು. ಗೂಡಿನಲ್ಲೇ ಬಿಟ್ಟರೆ ಪ್ರಾಣಿ ಅದರಲ್ಲೇ ಮಲಮೂತ್ರ ಮಾಡುತ್ತದೆ. ಅತಿಯಾಗಿ ಹೊರಳಿ ಚರ್ಮ ಒಣಗಿ ಸಿಪ್ಪೆ ಏಳುವುದು, ಕಣ್ಣು ಕೆಂಪಾಗುವುದು ಕೂಡ ಉಂಟು. ಕಣ್ಣು ಕೆಂಪಾದರೆ ಕೆಲವು ದಿನ ಧೂಳು ನಿಲ್ಲಿಸಿ ಪಶುವೈದ್ಯರಿಗೆ ತೋರಿಸುವುದು ಲೇಸು.

ಉಳಿದ ಪುಡಿಯನ್ನು ಜರಡಿ ಹಿಡಿದು ಕೆಲವು ಸಲ ಬಳಸಬಹುದು. ಮುದ್ದೆಗಟ್ಟಿದರೆ ಎಸೆಯಬೇಕು. ಇನ್ನೊಂದು ಮಾತು. ಈ ಪುಡಿ ಕೋಣೆ ತುಂಬ ಹಾರುತ್ತದೆ. ಮನೆಯಲ್ಲಿ ಉಬ್ಬಸದ ತೊಂದರೆ ಇರುವವರಿದ್ದರೆ ಪೋಷಕರು ಇದನ್ನು ಮೊದಲೇ ಯೋಚಿಸಬೇಕು.

ಹಿಡಿಯುವ ಕೈ ಹಗುರವಾಗಿರಲಿ

ನರಿ, ಗೂಬೆಗಳ ಬಾಯಿಯಿಂದ ಪಾರಾಗಲು ಚಿಂಚಿಲ್ಲಾಕ್ಕೆ ಒಂದು ಉಪಾಯ ಗೊತ್ತು. ಯಾರಾದರೂ ಗಟ್ಟಿಯಾಗಿ ಹಿಡಿದರೆ ಹಿಡಿದ ಜಾಗದ ತುಪ್ಪಳವನ್ನು ಹಾಗೆಯೇ ಬಿಟ್ಟುಕೊಟ್ಟು ಓಡಿಬಿಡುತ್ತದೆ. ಬೇಟೆಗಾರನ ಪಾಲಿಗೆ ಬರೀ ಕೂದಲು! ಮನೆಯಲ್ಲಿ ಮಗುವೊಂದು ಪ್ರೀತಿಯಿಂದಲೇ ಬಿಗಿಯಾಗಿ ಅಪ್ಪಿಕೊಂಡರೂ ಇದೇ ಆಗುತ್ತದೆ. ಗಾಯವಾಗುವುದಿಲ್ಲ. ಆದರೆ ಬೋಳಾದ ಜಾಗದಲ್ಲಿ ತುಪ್ಪಳ ಮತ್ತೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಮುದ್ದಿನಿಂದ ಅಪ್ಪಿದ ಕೈಗೂ ಗೂಬೆಯ ಉಗುರಿಗೂ ಅದು ವ್ಯತ್ಯಾಸ ಕಾಣದು.

ಎತ್ತಿಕೊಳ್ಳುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಬೇಕು. ತುಪ್ಪಳವನ್ನು ಹಿಡಿದು ಎಳೆಯಬಾರದು, ಓಡುವಾಗ ಬೆನ್ನಟ್ಟಿ ಹಿಡಿಯಬಾರದು. ಇದು ಮಡಿಲಲ್ಲಿ ಮಲಗುವ ಬೆಕ್ಕಿನಂಥದ್ದಲ್ಲ. ಪಕ್ಕದಲ್ಲಿ ಕುಳಿತು ನೋಡಿ ಸಂತೋಷಪಡಬೇಕಾದ ಪ್ರಾಣಿ.

ಬಾಚಣಿಗೆಯ ವಿಷಯ. ಪ್ರದರ್ಶನಕ್ಕೆ ಒಯ್ಯುವವರು ಸಣ್ಣ ಹಲ್ಲಿನ ಉಕ್ಕಿನ ಬಾಚಣಿಗೆಯಿಂದ ಬಾಲದ ಬುಡದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ತಲೆಯ ಕಡೆಗೆ ಸಾಗುತ್ತಾರೆ. ಮನೆಯಲ್ಲಿ ಸಾಕಿದ ಪ್ರಾಣಿಗೆ ಇದು ಕಡ್ಡಾಯವೇನಲ್ಲ. ಉದುರಿದ ಕೂದಲು ಗಂಟಾಗಿದ್ದರೆ ಮಾತ್ರ, ಅದೂ ಪ್ರಾಣಿಗೆ ಅಭ್ಯಾಸವಿದ್ದರೆ ಬಾಚಬಹುದು.

ತುಪ್ಪಳ ಹೇಳುವ ಸುದ್ದಿ

ಕಾಯಿಲೆಯನ್ನು ಬಚ್ಚಿಡುವುದು ಇಂಥ ಪುಟ್ಟ ಪ್ರಾಣಿಗಳ ಸ್ವಭಾವ. ಆದರೆ ತುಪ್ಪಳ ಗುಟ್ಟನ್ನು ಬಿಟ್ಟುಕೊಡುತ್ತದೆ. ಮಕ್ಕಳು ಒಂದು ನೋಟ್‌ಬುಕ್ ಇಟ್ಟು ವಾರಕ್ಕೊಮ್ಮೆ ಕಂಡದ್ದನ್ನು ಬರೆದಿಡಬಹುದು. ಅಡುಗೆಮನೆಯ ತೂಕದ ಯಂತ್ರದಲ್ಲಿ ತೂಗಿ ತೂಕವನ್ನೂ ನಮೂದಿಸಬಹುದು. ದೊಡ್ಡ ಪ್ರಾಣಿ ಸಾಮಾನ್ಯವಾಗಿ 400ರಿಂದ 600 ಗ್ರಾಂ ತೂಗುತ್ತದೆ.

ಗದ್ದ, ಎದೆಯ ಕೂದಲು ಸದಾ ಒದ್ದೆಯಾಗಿದ್ದರೆ ಜೊಲ್ಲು ಸುರಿಯುತ್ತಿದೆ ಎಂದರ್ಥ. ಹಲ್ಲಿನ ತೊಂದರೆ ಇರಬಹುದು. ಚಿಂಚಿಲ್ಲಾದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ದಿನವಿಡೀ ಅಗಿದರಷ್ಟೇ ಅವು ಸವೆಯುತ್ತವೆ. ಮೈಯ ಪಕ್ಕದಲ್ಲಿ ಕತ್ತರಿಸಿದಂತೆ ಗಿಡ್ಡ ಕೂದಲು ಕಂಡರೆ ಅದು ತನ್ನ ಅಥವಾ ಜೊತೆಗಾರನ ತುಪ್ಪಳವನ್ನೇ ಕಡಿಯುತ್ತಿದೆ. ಬೇಸರ, ಭಯ, ಇಕ್ಕಟ್ಟಾದ ಗೂಡು, ನಾರಿಲ್ಲದ ಆಹಾರ ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಮೂಗು, ಕಣ್ಣು, ಪಾದಗಳ ಸುತ್ತ ಕೂದಲುದುರಿ ಹೊಟ್ಟು ಕಂಡರೆ ಶಿಲೀಂಧ್ರದ ಶಂಕೆ. ಗಂಡು ಪ್ರಾಣಿಯ ಜನನಾಂಗಕ್ಕೆ ಉದುರಿದ ಕೂದಲು ಉಂಗುರದಂತೆ ಸುತ್ತಿಕೊಳ್ಳುವುದೂ ಉಂಟು. ಇದನ್ನು ಪಶುವೈದ್ಯರಿಂದ ಆಗಾಗ ಪರೀಕ್ಷಿಸಿಸಬೇಕು. ಎಣ್ಣೆ ಹಚ್ಚುವುದು, ಮನೆಮದ್ದು ಬಳಿಯುವುದು ಇಲ್ಲಿ ನಡೆಯದು.

ಹಾಗೆಯೇ ಮಕ್ಕಳು ಪ್ರೀತಿಯಿಂದ ಕೊಡುವ ಬಿಸ್ಕತ್ತು, ಗೋಡಂಬಿ, ದ್ರಾಕ್ಷಿ ಇದರ ಹೊಟ್ಟೆಗೆ ಆಗಿಬರುವುದಿಲ್ಲ. ಒಳ್ಳೆಯ ಒಣಹುಲ್ಲು, ಶುದ್ಧ ನೀರು ಇವೇ ಮುಖ್ಯ. ತುಪ್ಪಳದ ಹೊಳಪು ಹುಟ್ಟುವುದು ಹೊಟ್ಟೆಯಿಂದ.

ಕೋಟಿಗಾಗಿ ಹೋದ ಜೀವಗಳು

ಚಿಂಚಿಲ್ಲಾವನ್ನು ಚಳಿಯಿಂದ ಕಾಪಾಡಿದ ತುಪ್ಪಳವೇ ಮನುಷ್ಯನಿಂದ ಅದನ್ನು ಕಾಪಾಡಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕದ ಶ್ರೀಮಂತರಿಗೆ ಈ ತುಪ್ಪಳದ ಕೋಟಿನ ಮೋಹ ಹತ್ತಿತು. ಪ್ರಾಣಿ ಪುಟ್ಟದು, ಒಂದು ಉದ್ದನೆಯ ಕೋಟಿಗೆ ನೂರಕ್ಕೂ ಹೆಚ್ಚು ಚರ್ಮ ಬೇಕು. ಬೆಟ್ಟಗಳಿಗೆ ಬೆಟ್ಟಗಳೇ ಬರಿದಾದವು. ಕೊನೆಗೆ 1910ರಲ್ಲಿ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ ದೇಶಗಳು ಬೇಟೆ ನಿಷೇಧಿಸುವ ಒಪ್ಪಂದಕ್ಕೆ ಬಂದವು. ಆ ವೇಳೆಗೆ ಹುಡುಕಿದರೂ ಸಿಗದ ಸ್ಥಿತಿ.

ಚಿಲಿಯಲ್ಲಿ ಗಣಿ ಎಂಜಿನಿಯರ್ ಆಗಿದ್ದ ಅಮೆರಿಕದ ಮಥಾಯಸ್ ಚಾಪ್‌ಮನ್ ಬಹಳ ಪ್ರಯಾಸದಿಂದ ಕೂಡಿಹಾಕಿದ ಹನ್ನೊಂದು ಚಿಂಚಿಲ್ಲಾಗಳನ್ನು 1923ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ. ಬೆಟ್ಟದಿಂದ ಒಮ್ಮೆಲೇ ಇಳಿಸಿದರೆ ಸತ್ತಾವು ಎಂದು ನಿಧಾನವಾಗಿ, ಹಂತಹಂತವಾಗಿ ಕೆಳಗೆ ತಂದ. ಹಡಗಿನಲ್ಲಿ ಗೂಡುಗಳನ್ನು ಮಂಜುಗಡ್ಡೆಯಿಂದ ತಂಪಾಗಿಟ್ಟ. ಉದ್ದೇಶ ತುಪ್ಪಳದ ವ್ಯಾಪಾರವೇ. ಮುದ್ದಿನ ಪ್ರಾಣಿಯ ಪಟ್ಟ ಬಂದದ್ದು ನಂತರ. ಇಂದು ಮನೆಗಳಲ್ಲಿರುವ ಚಿಂಚಿಲ್ಲಾಗಳಲ್ಲಿ ಬಹುಪಾಲು ಆ ಹನ್ನೊಂದರ ಸಂತತಿ ಎಂದು ಹೇಳಲಾಗುತ್ತದೆ.

ಕಾಡಿನಲ್ಲಿ ಉಳಿದ ಎರಡು ಪ್ರಭೇದಗಳೂ ಇಂದು ಅಳಿವಿನಂಚಿನ ಪಟ್ಟಿಯಲ್ಲಿವೆ. ಅವುಗಳ ರಕ್ಷಣೆಗೆ ಚಿಲಿ ಸರ್ಕಾರ 1983ರಲ್ಲಿ ಇಯಾಪೆಲ್ ಊರಿನ ಬಳಿ ‘ಲಾಸ್ ಚಿಂಚಿಲ್ಲಾಸ್’ ರಾಷ್ಟ್ರೀಯ ಮೀಸಲು ಪ್ರದೇಶವನ್ನು ಸ್ಥಾಪಿಸಿತು. ಕಾಡು ಚಿಂಚಿಲ್ಲಾಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಈಗ ಅವಕಾಶವಿಲ್ಲ. ಸಾಕುತಳಿಗೆ ಆ ನಿರ್ಬಂಧ ಅನ್ವಯಿಸದಿದ್ದರೂ, ಪ್ರಾಣಿ ಎಲ್ಲಿಂದ ಬಂತು, ಕಾಗದಪತ್ರ ಸರಿಯಿದೆಯೇ, ಇಲ್ಲಿ ಇಟ್ಟುಕೊಳ್ಳಲು ಕಾನೂನು ಏನು ಹೇಳುತ್ತದೆ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಯಾರೂ ಮುಂದುವರಿಯಬಾರದು.

ನಮ್ಮ ಹವೆಗೆ ಹೊಂದೀತೇ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸೆಕೆಯದು. ಚಿಂಚಿಲ್ಲಾಕ್ಕೆ ಹಿತವಾದ ಉಷ್ಣಾಂಶ 10ರಿಂದ 20 ಡಿಗ್ರಿ ಸೆಲ್ಸಿಯಸ್. ಅದು 27 ಡಿಗ್ರಿ ದಾಟಿದರೆ, ಜೊತೆಗೆ ಗಾಳಿಯಲ್ಲಿ ತೇವವೂ ಇದ್ದರೆ ಪ್ರಾಣಾಪಾಯ. ಮನುಷ್ಯರಂತೆ ಬೆವರಿ ತಂಪಾಗಲು ಅದಕ್ಕೆ ಬಾರದು. ಸ್ವೆಟರ್ ಬಿಚ್ಚಿಡುವಂತೆ ತುಪ್ಪಳ ಬಿಚ್ಚಿಡಲೂ ಆಗದು. ಕಿವಿ ಕೆಂಪಾಗಿ, ಮೈ ಚೆಲ್ಲಿ ಮಲಗಿ, ಏದುಸಿರು ಬಿಡತೊಡಗಿದರೆ ಕ್ಷಣವೂ ತಡಮಾಡದೆ ತಂಪಾದ ಜಾಗಕ್ಕೆ ಒಯ್ದು ವೈದ್ಯರನ್ನು ಕಾಣಬೇಕು. ಬರೀ ಫ್ಯಾನು ಸಾಲದು. ಬೆವರದ ಮೈಗೆ ಗಾಳಿ ಬೀಸಿ ಹೆಚ್ಚು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲೇ ಏಪ್ರಿಲ್ ಮಧ್ಯಾಹ್ನ 33-34 ಡಿಗ್ರಿ ಸಾಮಾನ್ಯ. ಕಲಬುರಗಿ, ರಾಯಚೂರಿನ ಬೇಸಿಗೆ ಕೇಳಲೇಬೇಕಿಲ್ಲ. ಮಂಗಳೂರು, ಕಾರವಾರದಲ್ಲಿ ವರ್ಷದ ಬಹುಕಾಲ ಗಾಳಿಯೇ ಒದ್ದೆ. ಹಾಗಾಗಿ ಇಲ್ಲಿ ಚಿಂಚಿಲ್ಲಾ ಸಾಕುವುದೆಂದರೆ ಹಗಲು ರಾತ್ರಿ ಏರ್ ಕಂಡಿಷನರ್ ಓಡಿಸುವುದು, ವಿದ್ಯುತ್ ಕೈಕೊಟ್ಟಾಗ ಬದಲಿ ವ್ಯವಸ್ಥೆ ಮಾಡುವುದು ಎಂದೇ ಅರ್ಥ. ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವ ಕುಟುಂಬಕ್ಕೆ ಇದು ಆಗುವ ಮಾತಲ್ಲ.

ಆಯುಷ್ಯದ ಲೆಕ್ಕವನ್ನೂ ಹಾಕಬೇಕು. ಒಳ್ಳೆಯ ಆರೈಕೆಯಲ್ಲಿ ಚಿಂಚಿಲ್ಲಾ ಹತ್ತರಿಂದ ಇಪ್ಪತ್ತು ವರ್ಷ ಬದುಕುತ್ತದೆ. ಏಳನೇ ತರಗತಿಯ ಹುಡುಗಿ ತಂದ ಮರಿ ಆಕೆ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಇರುತ್ತದೆ. ಹಾಸ್ಟೆಲ್ ಸೇರಿದ ಮಗಳ ಬದಲು ಸಂಜೆ ಧೂಳಿನ ಪಾತ್ರೆ ಇಡುವವರು ಯಾರು, ಬೆಳಿಗ್ಗೆ ಹುಲ್ಲು ಹಾಕುವವರು ಯಾರು, ಈ ಪ್ರಾಣಿಯನ್ನು ಬಲ್ಲ ಪಶುವೈದ್ಯರು ಊರಿನಲ್ಲಿ ಇದ್ದಾರೆಯೇ ಎಂಬುದಕ್ಕೆ ಉತ್ತರ ಮೊದಲೇ ಸಿದ್ಧವಿರಬೇಕು.

ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಂಡಾಗ ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ‘ಬೇಡ’ ಎಂದೇ. ಅದರಿಂದ ಮಗುವಿನ ಪ್ರಾಣಿಪ್ರೀತಿ ಕಡಿಮೆಯಾಯಿತೆಂದು ಪೋಷಕರು ಅಳುಕಬೇಕಿಲ್ಲ. ಇಷ್ಟಪಟ್ಟ ಜೀವಿಗೆ ಏನು ಬೇಕೆಂದು ತಿಳಿದು, ಅದನ್ನು ಕೊಡಲಾಗದೆಂದು ಒಪ್ಪಿ, ಅದನ್ನು ಅದರ ಚಳಿಯ ನಾಡಿಗೇ ಬಿಡುವುದೂ ಪ್ರೀತಿಯೇ.