ಬೆರಳಿಗೆ ತಿಳಿಯುವ ಶುಭಾಶಯ ಪತ್ರ

ಸಂಕ್ರಾಂತಿಗೆ ಕುಸುರೆಳ್ಳು, ವಿಜಯದಶಮಿಗೆ ಬನ್ನಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಶುಭವನ್ನು ಕೈಯಿಂದ ಕೈಗೆ ಕೊಡುವುದು ಹಿರಿಯರಿಂದ ಬಂದ ರೂಢಿ. ದೂರದಲ್ಲಿರುವವರಿಗೆ ಪತ್ರವೇ ಆ ಕೈ. ಲಂಡನ್ನಿನಲ್ಲಿ 1843ರಲ್ಲಿ ಹೆನ್ರಿ ಕೋಲ್ ಎಂಬವರು ಚಿತ್ರಕಾರರೊಬ್ಬರಿಂದ ಬರೆಯಿಸಿ ಕ್ರಿಸ್ಮಸ್ ಹಬ್ಬದ ಶುಭಾಶಯ ಪತ್ರವನ್ನು ಅಚ್ಚು ಹಾಕಿಸಿದರು. ನಮ್ಮ ದೇಶಕ್ಕೆ ಅಂಚೆಯ ಕಾರ್ಡು ಬಂದುದು 1879ರಲ್ಲಿ. ಈಗಲಾದರೋ ಹಬ್ಬದ ಬೆಳಿಗ್ಗೆ ಮೊಬೈಲಿನಲ್ಲಿ ನೂರು ಶುಭಾಶಯಗಳು ಬಂದು ಬೀಳುತ್ತವೆ. ಆದರೆ ಕಣ್ಣಿಗೆ ಪೊರೆ ಬಂದ ಅಜ್ಜಿಗೆ ಅವೆಲ್ಲವೂ ಬರಿಯ ನುಣುಪು ಗಾಜು. ಅಂಥವರ ಬೆರಳಿಗೂ ತಿಳಿಯುವಂತಹ ಉಬ್ಬಚ್ಚಿನ ಪತ್ರವನ್ನು ಮನೆಯಲ್ಲಿಯೇ ಮಾಡುವ ಕ್ರಮವನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಠಸ್ಸೆ ಬೇಕು. ಮಕ್ಕಳು ಪೆನ್ಸಿಲ್ ಅಳಿಸುವ ದಪ್ಪನೆಯ ರಬ್ಬರನ್ನು ಕೊರೆದು ಇದನ್ನು ಮಾಡಬಹುದು. ಚಿತ್ರಕ್ಕಾಗಿ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಇಳಕಲ್ ಸೀರೆಯ ಮೇಲಿನ ಕಸೂತಿಯ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ನೇರ ಗೆರೆಯವಾದುದರಿಂದ ಕೊರೆಯುವುದಕ್ಕೆ ಸುಲಭ. ಅಕ್ಷರಗಳನ್ನು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊರೆಯತಕ್ಕದ್ದು. ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು ಅದನ್ನು ರಬ್ಬರಿನ ಮೇಲೆ ಮಗುಚಿ ಉಜ್ಜಿದರೆ ಅಕ್ಷರವು ತಾನಾಗಿಯೇ ತಿರುಗಿ ಮೂಡುವುದು.

ಕಚೇರಿಯ ಠಸ್ಸೆಯ ಶಾಯಿ ಬೇಗನೆ ಆರುವುದರಿಂದ ಈ ಕೆಲಸಕ್ಕೆ ಒದಗದು. ನಿಧಾನವಾಗಿ ಆರುವ ಪಿಗ್ಮೆಂಟ್ ಶಾಯಿ ಬೇಕು. ದಪ್ಪ ಕಾಗದವನ್ನು ಒಣಬಟ್ಟೆಯಿಂದ ಒರಸಿ ಠಸ್ಸೆಯನ್ನು ಒತ್ತಿ, ಹಸಿಯಿರುವಾಗಲೇ ಎಂಬಾಸಿಂಗ್ ಪುಡಿಯನ್ನು ಉದುರಿಸಬೇಕು. ಪುಡಿಯು ಹಸಿಯಿದ್ದಲ್ಲಿ ಮಾತ್ರ ಅಂಟುವುದು. ಉಳಿದುದನ್ನು ಮಡಿಚಿದ ಕಾಗದದ ಮೇಲೆ ಕೊಡವಿ ಡಬ್ಬಿಗೆ ಮರಳಿ ಸುರಿಯಬೇಕು. ಅಲ್ಲಲ್ಲಿ ನಿಂತ ಕಣಗಳನ್ನು ಒಣ ಕುಂಚದಿಂದ ಸವರಿ ತೆಗೆಯಬೇಕು. ಬಳಿಕ ಹೀಟ್ ಗನ್ನಿನ ಬಿಸಿಗಾಳಿಯನ್ನು ತುಸು ದೂರದಿಂದ ಹಾಯಿಸಿದರೆ ಪುಡಿ ಕರಗಿ, ಒಂದಾಗಿ ಕೂಡಿ, ಹೊಳೆಯುತ್ತ ಉಬ್ಬಿ ನಿಲ್ಲುವುದು. ಕೂದಲು ಒಣಗಿಸುವ ಯಂತ್ರಕ್ಕೆ ಗಾಳಿ ಹೆಚ್ಚು, ಕಾವು ಕಡಿಮೆ. ಪುಡಿಯು ಕರಗುವ ಮೊದಲೇ ಹಾರಿಹೋದೀತು.

ಕುಸುರೆಳ್ಳು ಮಾಡಬಲ್ಲ ಗೃಹಿಣಿಯರಿಗೆ ಇಲ್ಲಿಯ ಮರ್ಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಉರಿ ಹೆಚ್ಚಾದರೆ ಪಾಕ ಕೆಡುವಂತೆ, ಇಲ್ಲಿ ಕಾವು ಮೀರಿದರೆ ಕರಗಿದ ಪುಡಿಯು ಕಾಗದದೊಳಕ್ಕೆ ಇಂಗಿ ಅಕ್ಷರವು ಚಪ್ಪಟೆಯಾಗಿ ಮಂಕಾಗುವುದು. ಹೊಳಪು ಬಂದೊಡನೆ ಮುಂದಕ್ಕೆ ಸರಿಯತಕ್ಕದ್ದು. ಠಸ್ಸೆ ಒತ್ತುವುದು, ಪುಡಿ ಉದುರಿಸುವುದು ಮಕ್ಕಳ ಪಾಲಿಗಿರಲಿ. ಕಾಯಿಸುವ ಕೆಲಸವನ್ನು ಕಿಟಕಿ ತೆರೆದಿಟ್ಟು ದೊಡ್ಡವರೇ ಮಾಡಲಿ.

ಅಜ್ಜಿಗೆ ಕಳುಹಿಸುವ ಪತ್ರದಲ್ಲಿ ಒಂದೇ ಚಿತ್ರ, ಮೊಮ್ಮಗುವಿನ ಹೆಸರಿನ ಒಂದೇ ದೊಡ್ಡಕ್ಷರ ಸಾಕು. ಒತ್ತೊತ್ತಾಗಿ ತುಂಬಿದರೆ ಬೆರಳು ದಾರಿ ತಪ್ಪುವುದು. ಒಳಗೆ ಎರಡು ಸಾಲನ್ನು ಮಗುವೇ ಬರೆಯಲಿ. ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡಿರಿ. ಓದಿ ಹೇಳುವವರು ಆ ಸೊಟ್ಟನ್ನೂ ಹೇಳಿ ನಗುವರು. ಉಬ್ಬಿದ ಭಾಗದ ಮೇಲೆ ತೆಳುಕಾಗದವಿಟ್ಟು ಲಕೋಟೆಯಲ್ಲಿ ಹಾಕಿದರೆ ಅಂಚೆಯಲ್ಲಿ ಉಜ್ಜಿಹೋಗದು.

ಎಲ್ಲರಿಗೂ ಇಂತಹ ಪತ್ರ ಕಳುಹಿಸಲು ಸಾಧ್ಯವಿಲ್ಲವೆಂಬುದನ್ನು ನಾವು ಬಲ್ಲೆವು. ನೂರು ಮಂದಿಗೆ ಮೊಬೈಲಿನ ಶುಭಾಶಯವೇ ಹೋಗಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ನಮ್ಮ ಮುಖವನ್ನು ಕಾಣಲಾರದೆ ಧ್ವನಿಗಾಗಿ, ಸ್ಪರ್ಶಕ್ಕಾಗಿ ಕಾದಿರುವವರು ಪ್ರತಿ ಮನೆತನದಲ್ಲಿಯೂ ಒಬ್ಬರಿಬ್ಬರು ಇದ್ದೇ ಇರುವರು. ಬರುವ ಸಂಕ್ರಾಂತಿಗೆ ಹದಿನೈದು ದಿನ ಮೊದಲೇ ಅವರ ಹೆಸರಿನಲ್ಲಿ ಒಂದು ಠಸ್ಸೆಯನ್ನು ಕೊರೆಯಲು ಕುಳಿತುಕೊಳ್ಳಿರಿ.